ಬೀಗ ನಂದು, ಟವೆಲ್ ಅವರದು

ಒಂದು ಕಂಪ್ಯೂಟರಿಗಿ ಇಡೀ ಕಚೇರಿ ಗಂಟು ಬಿದ್ದಲ್ಲಿ ದಿನಾ ಒಂದು ಫಜೀತಿ ಆಗೇ ಆಗ್ತದ್ರಿ. ಬೀದರ ಜಿಲ್ಲಾದ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳೋ ಕೆಲಸ ನಂದು. ಬರಗಾಲದ ವರ್ಷ ಅದು. ಯಾವ ಊರಿಗಿ ಟ್ಯಾಂಕರ್ ನೀರು ಹೋಗಬೇಕನ್ನೋ ಹುಕುಂ ಕಂಪ್ಯೂಟರಿನ್ಯಾಗಿಂದಲೇ ಹೋಗ್ತಿತ್ತು. ಯಾರೋ ಪುಣ್ಯಾತ್ಮ ಆ ಹುಕುಂ ಅಳಿಸಿ ಅಲ್ಲೇ ಮಗಳ ಲಗ್ನಪತ್ರಿಕಿ ಟೈಪ್ ಮಾಡಿಬಿಟ್ಟ. ಒಂದೂರಿಗಿ ನೀರೇ ಹೋಗಲಿಲ್ಲ.

"ಕೆಲಸ ಇದ್ದವರಷ್ಟೇ ಒಳಗ ಹೋಗ್ಬೇಕು, ಬಾಕಿ ಮಂದಿಗಿ ಬೀಗ ಜಡೀರಿ" ಅಂದ್ರು ದೊಡ್ಡ ಸಾಹೇಬ್ರು.

"ನಾ ಹಾಕಿದ ಬೀಗ ದೆವ್ವ ಬಂದ್ರೂ ತೆಗೀಲಾರದ್ರಿ" ಅಂದೆ. ಖರೇನೇ ಹೇಳಿದ್ದೆ. ಬೀಗ ಅಂದ್ರ ಪಾಸ್‌ವರ್ಡ್; ಪಟ್ಟಿಯಾಗ ಹೆಸರಿದ್ದವರಿಗಷ್ಟೇ ಕಂಪ್ಯೂಟರ್ ತೆರೀತದ.

ಹೆಸರಿನ ಜಗಳ

ನೌಬಾದದ ಕಚೇರಿಯಾಗ ಬೀಗ ಹಾಕಿದ ಮರುದಿನಾನೇ ಹಿರೇ ಗುಮಾಸ್ತರು ಮಾರಿ ಕೆಂಪಗ ಮಾಡಿಕೊಂಡು ನಿಂತಿದ್ರು. "ಎಲ್ಲಾರಕಿಂತ ಹಿರಿಯ ನಾ. ನನ್ನ ಹೆಸರೇ ಬಿಟ್ಟೀರಲ್ಲ?"

"ನೀವು ಕಂಪ್ಯೂಟರ್ ಮುಟ್ಟೇ ಇಲ್ಲಲ್ರಿ?"

"ಲಗ್ನಪತ್ರಿಕ್ಯಾಗ ಹೆಸರು ಹಾಕಸ್ಕೊಂಡವ್ರೆಲ್ಲಾ ತಾಳಿ ಕಟ್ತಾರೇನ್ರಿ?"

ಅವರ ಹೆಸರೂ ಸೇರಿಸಿದೆ. ದಿನಾ ಮುಂಜಾನಿ ಬಂದು, ಪರದೆ ಮ್ಯಾಲೆ ತಮ್ಮ ಹೆಸರು ನೋಡಿ, ಕೈ ಮುಗಿದು, ಬಂದ್ ಮಾಡಿ ಚಾಕ್ಕ ಹೋಗ್ತಿದ್ರು.

ಭಾಲ್ಕಿ ಮೇಡಂ

ಭಾಲ್ಕಿಯಾಗ ಒಬ್ಬ ಮೇಡಂಗಷ್ಟೇ ಪರವಾನಗಿ ಕೊಟ್ಟಿದ್ದೆ. ವಾರ ಬಿಟ್ಟು ಹೋಗಿ ನೋಡ್ತೇನಿ, ಮೇಜಿನ ತುಂಬ ಮಿರ್ಚಿ ಭಜಿ, ಚಾ, ಬಾಳಿಹಣ್ಣು! ಕ್ರಿಕೆಟ್ ಸ್ಕೋರ್ ನೋಡಬೇಕನ್ನೋವ್ರು ತಂದಿಟ್ಟ ಕಾಣಿಕಿ.

"ಒಬ್ಬರನ್ನರ ಒಳಗ ಬಿಟ್ಟೀರೇನ್ರಿ?"

"ಛೆ ಛೆ! ನಿಮ್ಮ ಬೀಗ ಭಾಳ ಗಟ್ಟಿ ಅದ ಸರ್. ಪ್ರಿಂಟರಿಗೂ ಒಂದು ಹಾಕ್ರಿ, ಊಟಾನೂ ಬರ್ತದ."

ಔರಾದಿನ ಟವೆಲ್

ಔರಾದಿಗಿ ನಾ ಹೋದ ದಿನ ಡಾಬಕಾ ಹಳ್ಳಿಯಿಂದ ಒಬ್ಬಾಕಿ ಮುದುಕಿ ಆಯಿ ಖಾಲಿ ಕೊಡ ಹೊತ್ಕೊಂಡೇ ಬಂದಿದ್ಲು. ಊರಿನ ಅರ್ಧ ಮಂದಿ ದುಡೀಲಿಕ್ಕಿ ಹೈದರಾಬಾದಿಗಿ ಹೋಗಿದ್ರು. ಉಳಿದ ಮುದುಕರು, ಕೂಸುಗಳಿಗಿ ಟ್ಯಾಂಕರೇ ಗತಿ. ಸಂಜಿ ಒಳಗ ಹುಕುಂ ಹೋಗದಿದ್ರ ನಾಳಿ ನೀರಿಲ್ಲ.

ಹುಕುಂ ಕಳಿಸೋ ಪರವಾನಗಿ ಇದ್ದವರು ಇಬ್ಬರೇ. ಅಲ್ಲಿನ ಸಾಹೇಬ್ರು ಮೀಟಿಂಗಿಗಿ ಬೀದರಿಗಿ ಹೋಗಿದ್ರು. ಟ್ಯಾಂಕರ್ ಗುಮಾಸ್ತ ಕುರ್ಚಿ ಮ್ಯಾಲೆ ಟವೆಲ್ ಹಾಕಿ ಮಾಯ ಆಗಿದ್ದ. ಬಸ್ಸಿನ ಕಿಟಕ್ಯಾಗಿಂದ ಟವೆಲ್ ಒಗೆದು ಸೀಟು ಹಿಡೀತಾರಲ್ಲ, ಥೇಟ್ ಹಂಗ. ಫೋನ್ ಹಚ್ಚಿದ್ರ ಅದೂ ಟವೆಲ್ ಬುಡಕ್ಕೇ ಬಡ್ಕೋತಿತ್ತು.

"ನೀನೇ ಕಳಿಸಪ್ಪ" ಅಂದ್ಲು ಆಯಿ.

"ನನಗ ಬೀಗ ಹಾಕೋ ಹಕ್ಕದ ಆಯಿ, ನೀರು ಕಳಿಸೋ ಹಕ್ಕಿಲ್ಲ" ಅಂದೆ. ಯಾರೂ ಮುರೀಲಾರದ ಬೀಗ ನಾನೇ ಹಾಕಿ ಕುಂತಿದ್ದೆ.

"ಬಸ್ಸಿನ್ಯಾಗ ಓಡಾಡಿಲ್ಲೇನೋ ನೀ?" ಅಂದಾಕೇ ಆಯಿ ಸೀದಾ ಹೋಗಿ, ಫೋನ್ ಮೇಜಿಗಿ ಸರಿಸಿ, ಟವೆಲ್ ಎತ್ತಿ ಕಿಟಕ್ಯಾಗಿಂದ ಹೊರಗ ಒಗದ್ಲು. ತಾನು ಕುರ್ಚಿ ಮ್ಯಾಲೆ ಕುಂತು, ಕೊಡ ತೊಡಿ ಮ್ಯಾಲಿಟ್ಕೊಂಡ್ಲು.

ಟವೆಲ್ ರಸ್ತೆಗಿ ಬಿದ್ದದ್ದು ಕಂಡು, ಆಚಿಗಿನ ಹೋಟೆಲಿನಿಂದ ಗುಮಾಸ್ತ ಕೈಯಾಗ ಚಾದ ಗ್ಲಾಸ್ ಹಿಡ್ಕೊಂಡೇ ಓಡಿ ಬಂದ. "ಯಾರ್ರೀ ಅದು, ನನ್ನ ಟವೆಲ್ ತೆಗೆದವ್ರು? ನನ್ನ ಸೀಟದು!"

"ನಿಂದೇ ಅದಪ್ಪ, ಬಾ" ಅಂತ ಆಯಿ ಎದ್ದು ಜಾಗ ಬಿಟ್ಲು. "ಕುಂದರು. ಮೊದಲು ನೀರು ಕಳಿಸು."

ಹುಕುಂ ಹೋತು. ಮರುದಿನ ಡಾಬಕಾಕ್ಕ ಟ್ಯಾಂಕರೂ ಹೋತು.

ನನ್ನ ಬೀಗ ಇವತ್ತಿಗೂ ಯಾರೂ ಮುರಿದಿಲ್ರಿ. ಆದ್ರ ಈಗ ಹೊಸಾ ಕಂಪ್ಯೂಟರ್ ಕೂಡಿಸೋ ಮೊದಲು ಒಂದು ಮಾತು ಕೇಳ್ತೇನಿ: "ಕಿಟಕಿ ಎಲ್ಲಿ ಅದ್ರಿ?"