ಕಮಾಂಡರ್ ಕಪ್ಪೆ ಅಸಲಿಯೋ ನಕಲಿಯೋ

ಪ್ರತಿಯೊಬ್ಬ ಗೃಹಸ್ಥನಿಗೂ ಮನೆಗೆ ಬಂದವರ ಕಣ್ಣಿಗೆ ಬೀಳದ ಹಾಗೆ ಇಟ್ಟುಕೊಳ್ಳಬೇಕಾದ ಒಂದು ವಿಷಯ ಇದ್ದೇ ಇರುತ್ತದೆ. ಕೆಲವರಿಗೆ ಅದು ಇಸ್ಪೀಟು, ಕೆಲವರಿಗೆ ಕವಿತೆ. ನನ್ನದು ಗೊಂಬೆ. ಹೊಸನಗರದಲ್ಲಿ ಕಾಲೇಜು ಹುಡುಗರಿಗೆ ಅರ್ಥಶಾಸ್ತ್ರ ಹೇಳುವ, ತಲೆ ಅರ್ಧ ಬೆಳ್ಳಗಾದ ಮನುಷ್ಯ ನಾನು. ನನ್ನ ಬೀರುವಿನಲ್ಲಿ ಪಂಚೆ, ಶರ್ಟು ಇರಬೇಕಾದ ಜಾಗದಲ್ಲಿ ಕಾರ್ಟೂನು ವೀರರು ಸಾಲಾಗಿ ನಿಂತಿದ್ದಾರೆ. ಅವನ್ನು ಗೊಂಬೆ ಎನ್ನಬಾರದು, ಆಕ್ಷನ್ ಫಿಗರ್ ಎನ್ನಬೇಕು, ಕೀಲುಗಳಿವೆ, ಕೈಕಾಲು ಆಡುತ್ತವೆ ಎಂದು ಮದುವೆಯಾದಾಗಿನಿಂದ ಹೆಂಡತಿಗೆ ಹೇಳುತ್ತಲೇ ಇದ್ದೇನೆ. “ಅಷ್ಟೆಲ್ಲ ಕೈಕಾಲು ಆಡುತ್ತೆ ಅಂದ್ರೆ ಧೂಳೂ ಅವೇ ಒರೆಸ್ಕೊಳ್ಲಿ” ಎನ್ನುತ್ತಾಳೆ ಅವಳು.

ಈ ವಿದ್ಯೆಯಲ್ಲಿ ಮುಖ್ಯವಾದದ್ದು ಅಸಲಿ ಯಾವುದು, ನಕಲಿ ಯಾವುದು ಎಂದು ಪತ್ತೆ ಹಚ್ಚುವುದು. ಅಚ್ಚಿನ ಗೆರೆ ನೋಡಬೇಕು, ಬಣ್ಣದ ಅಂಚು ನೋಡಬೇಕು, ಪಾದದಡಿಯ ಮುದ್ರೆ ನೋಡಬೇಕು, ಕೊನೆಗೆ ಮೂಸಿಯೂ ನೋಡಬೇಕು. ಹಳೆಯ ಒಳ್ಳೆಯ ಪ್ಲಾಸ್ಟಿಕ್ಕಿಗೆ ಅದರದ್ದೇ ಒಂದು ವಾಸನೆಯಿದೆ. ಒಮ್ಮೆ ಸಾಗರದ ಪೇಟೆಯ ಆಟಿಕೆ ಅಂಗಡಿಯಲ್ಲಿ ಒಂದು ಗೊಂಬೆಯ ಕಂಕುಳನ್ನು ಕಣ್ಣು ಮುಚ್ಚಿಕೊಂಡು ಮೂಸುತ್ತಿದ್ದೆ. ಕಣ್ಣು ತೆರೆದಾಗ ನನ್ನದೇ ಇಬ್ಬರು ವಿದ್ಯಾರ್ಥಿನಿಯರು ನಿಂತಿದ್ದರು. ಆ ವರ್ಷವಿಡೀ ನನ್ನ ತರಗತಿಯಲ್ಲಿ ಅಪೂರ್ವವಾದ ಶಿಸ್ತು ಇತ್ತು. ಹೆದರಿಕೆಯಿಂದ ಇದ್ದೀತು.

ಇಂಥ ನನಗೆ ತೀರ್ಥಹಳ್ಳಿಯಿಂದ ಲಲಿತಕ್ಕನ ಫೋನು ಬಂತು. ಲಲಿತಕ್ಕ ನನ್ನ ಹೆಂಡತಿಯ ಹಳೆಯ ಸಹೋದ್ಯೋಗಿ, ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು. ಪೇಟೆಯ ನಡುವಿನ ತಮ್ಮ ಮನೆಗೆ ಬಣ್ಣ ಹೊಡೆಸಲೆಂದು ಅಟ್ಟ ಖಾಲಿ ಮಾಡಿಸಿದಾಗ ಒಂದು ಗೊಂಬೆ ಸಿಕ್ಕಿದೆಯಂತೆ. ಕಪ್ಪೆಯ ಮುಖ, ಕಣ್ಣಿಗೆ ಕನ್ನಡಕ, ಬೆನ್ನಿಗೆ ಕೆಂಪು ವಸ್ತ್ರ ಎಂದರು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಕಮಾಂಡರ್ ಕಪ್ಪೆ! ನಾವು ಚಿಕ್ಕವರಿದ್ದಾಗ ಭಾನುವಾರದ ಟೀವಿಯಲ್ಲಿ ಕೆಲವೇ ವಾರ ಬಂದು ಮಾಯವಾದ ಕಾರ್ಟೂನು. ಅದರ ಗೊಂಬೆಯನ್ನು ಚಿತ್ರದಲ್ಲಿ ಬಿಟ್ಟರೆ ನಾನು ಕಂಡಿರಲಿಲ್ಲ.

ಆದರೆ ಲಲಿತಕ್ಕ ಕರೆದದ್ದು ನನ್ನ ಸಂತೋಷಕ್ಕಲ್ಲ. ಅವರ ತಮ್ಮಂದಿರಿಬ್ಬರೂ ಆ ಕಪ್ಪೆಗಾಗಿ ಮಾತು ಬಿಟ್ಟಿದ್ದರು. ದೊಡ್ಡವನು ಚಂದ್ರಣ್ಣ, ತೀರ್ಥಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಚಿಕ್ಕವನು ಮಂಜಣ್ಣ, ಸಾಗರದಲ್ಲಿ ಪ್ರಿಂಟಿಂಗ್ ಪ್ರೆಸ್ಸು. ಇಬ್ಬರೂ ಐವತ್ತರ ಆಸುಪಾಸಿನವರು. ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಒಮ್ಮೆ ಊರಿಗೆ ಬಂದಾಗ ಎರಡು ಕಪ್ಪೆ ತಂದಿದ್ದರಂತೆ: ದೊಡ್ಡವನಿಗೆ ವಿದೇಶದ ಅಸಲಿ, ಚಿಕ್ಕವನಿಗೆ ಮುಂಬೈ ಫುಟ್‌ಪಾತಿನ ನಕಲಿ. ಅದರಲ್ಲೊಂದು ತುಂಗಾ ಹೊಳೆಯಲ್ಲಿ ಈಜಲು ಹೋಗಿ ವಾಪಸು ಬರಲಿಲ್ಲ. ಉಳಿದದ್ದು ಯಾರದು ಎನ್ನುವುದೇ ಜಗಳ. ಮಂಜಣ್ಣನ ಮಗಳ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಚಂದ್ರಣ್ಣ ತಾನು ಸಾಗರದ ಕಡೆ ತಲೆಯನ್ನೂ ಹಾಕುವುದಿಲ್ಲ ಎಂದು ಹೇಳಿಬಿಟ್ಟಿದ್ದ.

“ದೊಡ್ಡಪ್ಪ ಇಲ್ಲದೆ ಆ ಹುಡುಗಿ ಉಂಗುರ ಹಾಕ್ಕೊಳಲ್ಲ ಅಂತ ಕೂತಿದೆ” ಎಂದರು ಲಲಿತಕ್ಕ. “ನೀವೊಂದ್ ಸಲ ಬಂದು ನೋಡಿ ಹೇಳ್ಬಿಡಿ ಮಾರಾಯ್ರೆ.”

ಭಾನುವಾರ ಮೊದಲ ಬಸ್ಸಿಗೇ ಹೊರಟೆ. ಒಂದು ಕುಟುಂಬದ ನೆಮ್ಮದಿ ನನ್ನ ಕೈಯಲ್ಲಿದೆ ಎಂಬ ಗಾಂಭೀರ್ಯ ಮುಖದ ಮೇಲೆ ಇರಬೇಕಿತ್ತು. ಆದರೆ ಬಸ್ಸಿನ ಕಿಟಕಿಯ ಗಾಜಿನಲ್ಲಿ ಕಂಡದ್ದು ಹಲ್ಲು ಕಿರಿಯುತ್ತಿದ್ದ ಮುಖ. ಕಂಡಕ್ಟರು ತೀರ್ಥಹಳ್ಳಿಯಲ್ಲಿ ಮದುವೆ ಊಟವೇ ಎಂದು ಕೇಳಿದ. ಹೂಂ ಎಂದೆ.

ಲಲಿತಕ್ಕನ ಜಗಲಿಯಲ್ಲಿ ಅಣ್ಣ ತಮ್ಮ ಇಬ್ಬರೂ ಎರಡು ತುದಿಗೆ ಕೂತಿದ್ದರು. ನಡುವೆ ಟೀಪಾಯಿಯ ಮೇಲೆ ಟವೆಲ್ ಹಾಸಿ ಕಪ್ಪೆಯನ್ನು ಮಲಗಿಸಿದ್ದರು. ಕೈ ತಾನಾಗಿ ಅದರ ಕಡೆ ಹೋಗದಿರಲೆಂದು ಕಾಫಿ ಲೋಟ ಹಿಡಿದೆ. ಲೋಟದ ಸಮೇತ ಕೈ ಆ ಕಡೆಗೇ ಹೋಯಿತು.

ಮೊದಲು ವಾದಿ ಪ್ರತಿವಾದಿಗಳ ಹೇಳಿಕೆ. ಚಂದ್ರಣ್ಣ ಇದು ಅಸಲಿ, ಆದ್ದರಿಂದ ತನ್ನದು ಎಂದ. ಮಂಜಣ್ಣ ತಾನೇ ಇಟ್ಟುಕೊಳ್ಳಬೇಕಾದರೆ ಇದು ನಕಲಿ ಎಂದು ಸಾಧಿಸಬೇಕಿತ್ತು. ಅವನು ಮುಂದಕ್ಕೆ ಬಾಗಿ, “ಸರ್, ಇದ್ರಷ್ಟು ಚೀಪ್ ಮಾಲು ನೀವು ನೋಡಿರಲ್ಲ” ಎಂದ. ಹೇಳುತ್ತಲೇ ಟವೆಲಿನ ಮಡಿಕೆಯನ್ನು ಕಪ್ಪೆಯ ತಲೆಯಡಿಗೆ ಸರಿಮಾಡಿದ. ತನಗೆ ಬೇಕೇ ಬೇಕಾದ ವಸ್ತುವನ್ನು ಒಬ್ಬ ಮನುಷ್ಯ ಅಷ್ಟು ಪ್ರೀತಿಯಿಂದ ಹೀಗಳೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಭೂತಗನ್ನಡಿ ತೆಗೆದೆ. ಅಚ್ಚಿನ ಗೆರೆ ಕೂದಲಿನಷ್ಟು ಸಣ್ಣ. ಕೆಂಪು ವಸ್ತ್ರದ ಹೊಲಿಗೆ ನೇರ. ನಕಲಿಯಲ್ಲಿ ಕನ್ನಡಕವನ್ನು ಮುಖದ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ಇದರಲ್ಲಿ ಉಗುರು ತಾಗಿಸಿದರೆ ಕನ್ನಡಕ ಹಣೆಯ ಮೇಲೆ ಸರಿಯಿತು. ಮೂಸಿದೆ. ಇಬ್ಬರೂ ಪೊಲೀಸ್ ನಾಯಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಅಸಲಿ ಎಂದು ಹೇಳಿಯೂ ಬಿಟ್ಟೆ. ಚಂದ್ರಣ್ಣ ಮೀಸೆ ತಿರುವಿದ. ಮಂಜಣ್ಣ ಬಾಗಿಲ ಕಡೆ ಮುಖ ಮಾಡಿದ. ಅವನ ಕಣ್ಣು ಒದ್ದೆಯಾದದ್ದು ಕಂಡು, ಅಸಲಿಯಾದದ್ದು ನನ್ನದೇ ತಪ್ಪೇನೋ ಅನ್ನಿಸಿತು.

ಪಾದದ ಮುದ್ರೆಯೊಂದು ಬಾಕಿ ಇತ್ತು. ಕಪ್ಪೆಯ ಬೂಟು ಕಳಚಿದೆ. ಬೆರಳುಗಳ ತುದಿಯಲ್ಲಿ ಗುಲಾಬಿ ಬಣ್ಣ ಮಿನುಗುತ್ತಿತ್ತು. ಯಾವ ಕಂಪನಿಯೂ ಶತ್ರುಸಂಹಾರಕ್ಕೆ ಹೊರಟ ಕಮಾಂಡರನಿಗೆ ಹೀಗೆ ಅಲಂಕಾರ ಮಾಡಿ ಕಳಿಸುವುದಿಲ್ಲ. ಇದು ಕಾರ್ಖಾನೆಯ ಬಣ್ಣ ಅಲ್ಲ, ಯಾರೋ ನೇಲ್ ಪಾಲಿಶ್ ಹಚ್ಚಿದ್ದಾರೆ ಎಂದೆ.

“ನಾನೇ ಹಚ್ಚಿದ್ದು” ಎಂದರು ಲಲಿತಕ್ಕ, ಬಾಳೆಹಣ್ಣಿನ ತಟ್ಟೆ ಟೀಪಾಯಿಯ ಮೇಲಿಡುತ್ತಾ. “ನನ್ ಗೊಂಬೆಗೆ ನಾನಲ್ದೆ ಮತ್ಯಾರು ಹಚ್ತಾರೆ?”

ಲಲಿತಕ್ಕ ನಿಧಾನವಾಗಿ ಹೇಳಿದರು. ಸೋದರಮಾವ ಆಗ ಅವರಿಗೂ ಒಂದು ಗೊಂಬೆ ತಂದಿದ್ದರು, ಮಲಗಿಸಿದರೆ ಕಣ್ಣು ಮುಚ್ಚುವಂಥದ್ದು. ಕಣ್ಣು ಹೇಗೆ ಮುಚ್ಚುತ್ತದೆ ಎಂದು ನೋಡಲು ಚಂದ್ರಣ್ಣ ಅದರ ತಲೆ ಬಿಚ್ಚಿದ. ಮತ್ತೆ ಜೋಡಿಸಲು ಬರಲಿಲ್ಲ. ಅಮ್ಮ ಅವನ ಕಪ್ಪೆಯನ್ನು ಕಿತ್ತು ಲಲಿತಕ್ಕನಿಗೆ ಕೊಟ್ಟರು. ಹೊಳೆಗೆ ಹೋದದ್ದು ಮಂಜಣ್ಣನದು. ಅಣ್ಣನ ಮುಖ ಮೆಲ್ಲಗೆ ಕೆಂಪಾಯಿತು. ತಲೆ ಬಿಚ್ಚಿದ್ದು ಅವನಿಗೆ ನೆನಪಾಗಿತ್ತು. ತಮ್ಮನಿಗಂತೂ ಎಲ್ಲವೂ ಒಟ್ಟಿಗೆ ನೆನಪಾಗಿ, “ಹೌದು ಕಣೋ, ಅವತ್ತು ನೀನು ಕೊಟ್ಟಿಗೇಲಿ ಅಡಗಿ ಕೂತಿದ್ದೆ” ಎಂದು ಅಣ್ಣನ ತೊಡೆಗೆ ಹೊಡೆದು ನಗತೊಡಗಿದ. ಮಾತು ಬಿಟ್ಟವನು ತಾನು ಎಂಬುದು ಅವನಿಗೆ ಆಗ ಮರೆತೇಹೋಗಿತ್ತು. ಚಂದ್ರಣ್ಣನೂ ನಕ್ಕ. ನಗು ಮುಗಿಯುವುದರೊಳಗೆ ನಿಶ್ಚಿತಾರ್ಥಕ್ಕೆ ಅಡುಗೆಯವರು ಯಾರು ಎಂಬ ಚರ್ಚೆಯೂ ಶುರುವಾಗಿತ್ತು.

ಇದನ್ನು ಮೊದಲೇ ಹೇಳಬಹುದಿತ್ತಲ್ಲ ಎಂದು ಲಲಿತಕ್ಕನನ್ನು ಮೆಲ್ಲಗೆ ಕೇಳಿದೆ. “ಹೇಳಿದ್ರೆ ಜಗಳಕ್ಕೆ ಮೂರನೆಯವಳು ಆಗ್ತಿದ್ದೆ ಅಷ್ಟೆ” ಎಂದರು. “ಹೊರಗಿನವರು ಕಂಡುಹಿಡಿದ್ರೆ ನಂಬ್ತಾರೆ.”

ಹಾಗೆ ಒಂದು ಮನೆತನ ಒಂದಾಯಿತು. ಹೊರಡುವ ಮುನ್ನ ನಾನು ಪರಿಣತರು ಹೇಳಬೇಕಾದ ಮಾತನ್ನು ಹೇಳಿದೆ: ಇದು ಅಪರೂಪದ ವಸ್ತು, ಹಳೆಯ ಸ್ಪ್ರಿಂಗು, ಬೆನ್ನಿನ ಗುಂಡಿಯನ್ನು ಯಾರೂ ಒತ್ತಬಾರದು. ಹೇಳಿ ಮುಗಿಸಿ, ಪರೀಕ್ಷೆಯ ಸಲುವಾಗಿ ಒಮ್ಮೆ ಒತ್ತಿದೆ. ಕಪ್ಪೆಯ ಬಲಗೈ ಚಟ್ಟನೆ ಚಿಮ್ಮಿ ಬಾಳೆಹಣ್ಣಿಗೆ ಗುದ್ದಿತು. ಎಂಥ ಗುದ್ದು! ಖಚಿತವಾಗಲೆಂದು ಮತ್ತೊಮ್ಮೆ ಒತ್ತಿದೆ. ಆಮೇಲೆ ಎಷ್ಟು ಸಲ ಒತ್ತಿದೆನೋ ತಿಳಿಯದು. ಲಲಿತಕ್ಕ ಕಪ್ಪೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡಾಗ ಅಣ್ಣ ತಮ್ಮ ಇಬ್ಬರೂ ಒಗ್ಗಟ್ಟಾಗಿ ನನ್ನನ್ನು ನೋಡುತ್ತಿದ್ದರು.

ಊರಿಗೆ ಬಂದ ಮೇಲೆ ಒಂದು ವಾರ ತಡೆದುಕೊಂಡೆ. ಆಮೇಲೆ ಲಲಿತಕ್ಕನಿಗೆ ಫೋನು ಮಾಡಿ, ನಮ್ಮ ಕಡೆಯ ಥಂಡಿಗೆ ರಬ್ಬರು ಕೀಲುಗಳಿಗೆ ಬೂಷ್ಟು ಹಿಡಿಯುತ್ತದೆ, ಆಗಾಗ ತಜ್ಞರಿಂದ ತಪಾಸಣೆ ಮಾಡಿಸುವುದು ಒಳ್ಳೆಯದು ಎಂದೆ. ಧ್ವನಿಯಲ್ಲಿ ಆದಷ್ಟೂ ಅರ್ಥಶಾಸ್ತ್ರ ಇರುವಂತೆ ನೋಡಿಕೊಂಡೆ. ಅವರ ಉತ್ತರ ಬಂದದ್ದು, ಬಹುಶಃ ಆಸ್ಪತ್ರೆಯಲ್ಲಿ ಹಟ ಹಿಡಿದ ಮಕ್ಕಳಿಗೆ ಹೇಳುತ್ತಿದ್ದ ಧ್ವನಿಯಲ್ಲೇ.

“ಬನ್ನಿ, ಅದಕ್ಕೇನು” ಎಂದರು. “ಆದ್ರೆ ಕೈ ತೊಳ್ಕೊಂಡು ಮುಟ್ಬೇಕು. ಮತ್ತೆ ಹೋಗೋವಾಗ ಅಳ್ಬಾರ್ದು.”