ಮೂರು ತಲೆಯ ವೈರು

ಸುರಪುರದ ಮಲ್ಲೇಶ್ವರಿಗೂ ಅವಳ ಅತ್ತೆ ದೇವಕಮ್ಮನಿಗೂ ಜಗಳವೇನೂ ಇರಲಿಲ್ಲ. ಜಗಳಕ್ಕಾದರೂ ಮಾತು ಬೇಕಲ್ಲ! ಮದುವೆಯಾಗಿ ಬಂದಾಗಿನಿಂದ ಇಬ್ಬರ ನಡುವಿನ ಸಕಲ ರಾಯಭಾರವೂ ಮಾವ ಅಂಬ್ರಪ್ಪನ ಬಾಯಿಂದಲೇ ನಡೆದಿತ್ತು. "ಪಲ್ಯಾದಾಗ ಉಪ್ಪು ಹೆಚ್ಚಾಗ್ಯಾದ ಅಂತ ನಿಮ್ಮ ಸೊಸಿಗಿ ಹೇಳ್ರಿ" ಎಂದು ಅತ್ತೆ. "ನಾಳಿಂದ ಅವರ ಕೈಲೇ ಉಪ್ಪು ಹಾಕ್ಲಿ ಅಂತ ಹೇಳ್ರಿ ಮಾವಾ" ಎಂದು ಸೊಸೆ. ಅಂಬ್ರಪ್ಪ ಎರಡೂ ಕಡೆಯ ಖಾರ ತೆಗೆದು, ಬೆಲ್ಲ ಸವರಿ ದಾಟಿಸುತ್ತಿದ್ದ. ಅಂಥ ಮನುಷ್ಯ ಜ್ವರವೆಂದು ಮಲಗಿದವನು ಏಳಲೇ ಇಲ್ಲ. ನೆಂಟರೆಲ್ಲ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಇಬ್ಬರು ಹೆಂಗಸರು, ತುಂಬಿಟ್ಟಷ್ಟು ಮೌನ.

ಯಾದಗಿರಿಯಲ್ಲಿ ಬಸ್ ಕಂಡಕ್ಟರನಾಗಿದ್ದ ಮಲ್ಲೇಶ್ವರಿಯ ಗಂಡ ಶರಣಕುಮಾರ ಇದಕ್ಕೊಂದು ದಿವ್ಯೌಷಧ ಕಂಡುಹಿಡಿದ. ಟಿವಿಗೆ ಹೊಸ ಎಚ್‌ಡಿ ಬಾಕ್ಸು! "ವೈರ್ ಒಂದು ತಂದು ಹಚ್ಚು. ಅವ್ವನ ಮನಸು ಹಗುರಾಗ್ತದ" ಎಂದು ಡಬ್ಬಿಯನ್ನು ಹೆಂಡತಿಯ ಕೈಗಿಟ್ಟು ಡ್ಯೂಟಿಗೆ ಹೋದ. (ಗಂಡಸರ ಪರೋಪಕಾರ ಅರ್ಧಕ್ಕೇ ಬಸ್ಸು ಹತ್ತಿಬಿಡುತ್ತದೆ.)

ಮಲ್ಲೇಶ್ವರಿ ಬಜಾರಿನ ಮುನಾವರನ ಅಂಗಡಿಗೆ ಹೋದಳು.

"ಒಂದ ತಲಿದು ಕೊಡ್ಲೇನ್ರಿ ಅಕ್ಕಾ, ಮೂರು ತಲಿದು ಕೊಡ್ಲೇನು?"

ಮಲ್ಲೇಶ್ವರಿ ಪಿಯುಸಿಯಲ್ಲಿ ಸೈನ್ಸ್ ಓದಿದವಳು. ಮೂರು ಒಂದಕ್ಕಿಂತ ದೊಡ್ಡದೆಂದು ಗೊತ್ತಿತ್ತು. ಕೆಂಪು, ಹಸಿರು, ನೀಲಿ ತಲೆಗಳ ವೈರನ್ನೇ ಆರಿಸಿದಳು.

"ಆದ್ರ ಅದಕ್ಕ ಸದ್ದು..."

"ಸದ್ದು ಬ್ಯಾಡ್ರಿ. ಸಾವಾದ ಮನಿ. ಚಿತ್ರ ಛಲೋ ಬಂದ್ರ ಸಾಕು."

ಸಾವಿನ ಮಾತಿಗೆ ಎದುರಾಡದೆ ಮುನಾವರ ಕಟ್ಟಿಕೊಟ್ಟ.

ಚಿತ್ರ ಬಂತು. ಎಂಥ ಚಿತ್ರ! ಧಾರಾವಾಹಿಯ ಮುದುಕಿಯ ಮೂಗುತಿಯ ಹರಳೂ ಎಣಿಸುವಂತಿತ್ತು. ಸದ್ದು ಮಾತ್ರ ಪಿಟ್ಟೆನ್ನಲಿಲ್ಲ. ಸೊಸೆ ರಿಮೋಟು ಒತ್ತಿ ಒತ್ತಿ ಸೋತಳು. ಅತ್ತೆ ಬೈಯಲೂ ಇಲ್ಲ. ಪರದೆಯ ಮುದುಕಿ ಒಂದು ಹುಡುಗಿಯ ಮುಂದೆ ಬೆರಳು ಕುಣಿಸುತ್ತಿದ್ದುದನ್ನೇ ನೋಡುತ್ತ ಕೂತಿದ್ದಳು.

ತಡೆಯಲಾರದೆ ಮಲ್ಲೇಶ್ವರಿ ಗೊಣಗಿದಳು: "ಅತ್ತಿ ಹೆಂಗ ಬೈಯಾಕತ್ತಾಳ ನೋಡು. ಪಾಪ, ಸೊಸಿ!"

"ಬೈಯಾಕತ್ತಿಲ್ಲ," ಎಂದಳು ದೇವಕಮ್ಮ, ಗೋಡೆಗೆ ಹೇಳುವಂತೆ. "ಮುಂಜಾನಿಂದ ಉಂಡಿಲ್ಲ, ಉಣ್ಣು ಅನ್ನಾಕತ್ತಾಳ."

"ಉಣ್ಣು ಅನ್ನಾಕ ಅಷ್ಟು ಕಣ್ಣು ಯಾಕ ತಗೀಬೇಕ್ರಿ?"

"ಕೆಲವರಿಗಿ ಮೆತ್ತಗ ಹೇಳಾಕ ಬರಂಗಿಲ್ಲ. ಏನ್ ಮಾಡಬೇಕು?"

ಮಲ್ಲೇಶ್ವರಿ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟಳು.

ಅಲ್ಲಿಂದ ದಿನಾ ಸಂಜೆ ಕೋರ್ಟು ಕೂಡತೊಡಗಿತು. ಮುದುಕಿಯ ವಕಾಲತ್ತು ಅತ್ತೆಯದು, ಹುಡುಗಿಯದು ಸೊಸೆಯದು. ವಾದದ ಬಿಸಿಯಲ್ಲಿ ಒಲೆಯ ಮೇಲಿನ ಬೇಳೆ ಹೊತ್ತಿದರೂ ಇಬ್ಬರಿಗೂ ಖಬರಿಲ್ಲ. ಒಂದು ಸಂಜೆ ಮುದುಕಿ ಬಾಗಿಲಿಗೆ ಒರಗಿ ನಿಂತು ಒಬ್ಬಳೇ ತುಟಿ ಅಲ್ಲಾಡಿಸಿದಳು.

"ಈಗೇನನ್ನಾಕತ್ತಾಳ್ರಿ?"

ದೇವಕಮ್ಮ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಗಂಡ ಹ್ವಾದ. ಇನ್ನ ಈ ಹುಡುಗಿ ನನ್ನ ಕೂಡ ಮಾತಾಡ್ತಾಳೋ ಇಲ್ಲೋ ಅಂತ."

ಮಲ್ಲೇಶ್ವರಿ ಪರದೆಯ ಹುಡುಗಿಯತ್ತ ಬೆರಳು ತೋರಿದಳು. "ಮಾತಾಡ್ತೀನಿ ಅನ್ನಾಕತ್ತಾಳ್ರಿ, ಸೊಸಿ."

ವಾರದ ರಜೆಗೆ ಬಂದ ಶರಣಕುಮಾರ, ಮೂಕ ಟಿವಿಯ ಮುಂದೆ ಅವ್ವನೂ ಹೆಂಡತಿಯೂ ವಾದ ಮಾಡುವುದನ್ನು ಕಂಡು ದಿಗಿಲುಬಿದ್ದ. "ಏ ಮಲ್ಲೇಶ್ವರಿ, ಇದೇನು ತಂದೀ? ಇದರಾಗ ಬರೇ ಚಿತ್ರ ಬರ್ತದ!" ಬಜಾರಿಗೆ ಓಡಿ ಎಚ್‌ಡಿಎಂಐ ವೈರು ತಂದು, "ಚಿತ್ರ, ಸದ್ದು ಎರಡೂ ಇದೊಂದರಾಗ!" ಎಂದು ಸಿಕ್ಕಿಸಿದ.

ಮನೆ ನಡುಗುವಂತೆ ಹುಡುಗಿ ಕಿರುಚಿದಳು: "ಅಮ್ಮಾ! ನೀನು ಸತ್ತರೂ ನಾನು ನಿನ್ನ ಮುಖ ನೋಡಲ್ಲ!"

ಅಮ್ಮಾ! ಅವರು ಅತ್ತೆ ಸೊಸೆಯರೇ ಅಲ್ಲ, ತಾಯಿ ಮಗಳು. ತಾಯಿ "ಹಾಳಾಗಿ ಹೋಗು" ಎಂದು ಶಪಿಸಿದಳು. ಅಷ್ಟು ದಿನ ಉಣ್ಣು ಎಂದೂ ಅಂದಿರಲಿಲ್ಲವೇನೋ. ವಕೀಲರಿಬ್ಬರೂ ಮುಖ ಮುಖ ನೋಡಿಕೊಂಡರು.

ಗಂಡ ಹೋದಾಗಲೂ ಯಾರ ಮುಂದೂ ಕಣ್ಣೀರು ಹಾಕದಿದ್ದ ದೇವಕಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿದಳು. ಮಲ್ಲೇಶ್ವರಿ ಸರಿದು ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ನೋಡಿದೇನು?" ಶರಣಕುಮಾರ ಎದೆಯುಬ್ಬಿಸಿದ. "ಎಚ್‌ಡಿ ಅಂದ್ರ ಹಿಂಗ! ಅವ್ವನ ಕಣ್ಣಾಗೂ ನೀರು ಬಂತು!"

ದೇವಕಮ್ಮ ಮೂಗು ಒರೆಸಿಕೊಂಡಳು.

"ಶರಣೂ, ಆ ಹೊಸ ವೈರ್ ಅಂಗಡ್ಯಾಗ ವಾಪಸ್ ತಗೋತಾರೇನು, ಕೇಳ್ಕೊಂಡು ಬಾ."