ಎಂಟು ದೇಶ, ಒಂದೇ ಮೂಗು

ಅಂಟು ರುಚಿಯಾಗಿತ್ತು. ಎಲ್ಲ ಅನಾಹುತಕ್ಕೂ ಅದೇ ಮೂಲ.

ದೇಶದೇಶಗಳ ಮುಖವಾಡ ಮಾಡಿಸಿ, ಅಲ್ಲಿನ ಜನರ ಬದುಕನ್ನು ಮಕ್ಕಳಿಗೆ ತಿಳಿಸಬೇಕೆಂಬುದು ಡ್ರಾಯಿಂಗ್ ಮೇಷ್ಟ್ರ ಹುಚ್ಚು. ರದ್ದಿ ಕಾಗದ, ಮೈದಾ ಅಂಟು, ಒಂದು ತಿಂಗಳ ದುಡಿಮೆ. ಪ್ರದರ್ಶನದ ದಿನ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದರೆ, ಎಂಟು ದೇಶಗಳನ್ನೂ ಇಲಿಗಳು ಗಡಿ ಕೂಡ ಉಳಿಯದಂತೆ ತಿಂದು ಮುಗಿಸಿದ್ದವು.

“ಒಂಚೂರು ಉಪ್ಪು, ಸ್ವಲ್ಪ ಬೆಣ್ಣೆ ಹಾಕಿದ್ದೆ ಸಾರ್,” ಎಂದರು ಅಂಟು ಕಾಯಿಸಿಕೊಟ್ಟಿದ್ದ ಕ್ಯಾಂಟೀನಿನ ಅಡುಗೆಯವರು. “ನನ್ನ ಕೈಯಿಂದ ಸಪ್ಪೆ ಪದಾರ್ಥ ಆಚೆ ಹೋಗಲ್ಲ.”

ಮಧ್ಯಾಹ್ನ ಮೂರಕ್ಕೆ ಇನ್‌ಸ್ಪೆಕ್ಟರ್ ಮೇಡಂ ಬರುವವರಿದ್ದರು. ಮೇಷ್ಟ್ರು ಒಂಬತ್ತು ವರ್ಷದಿಂದ ತಾತ್ಕಾಲಿಕ. ಮೇಡಂ ತಲೆಯಾಡಿಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ನಾಳೆಯಿಂದ ಮನೆ.

“ಮೂರು ಗಂಟೆಗೆ ಮುಖವಾಡ ಇರ್ಲಿಲ್ಲ ಅಂದ್ರೆ ನೀವೂ ಇರ್ಬೇಡಿ,” ಎಂದರು ಹೆಡ್‌ಮಿಸ್.

ಶಾಲೆಯ ನರ್ಸಮ್ಮ ಮುರಿದ ಕೈಗೆ ಸುತ್ತುವ ಪ್ಲಾಸ್ಟರ್ ಪಟ್ಟಿಗಳನ್ನು ತಂದರು. “ಹತ್ತೇ ನಿಮಿಷಕ್ಕೆ ಕಲ್ಲಾಗತ್ತೆ. ಅಚ್ಚಿಗೆ ಒಂದು ಮುಖ ಬೇಕಲ್ಲ?”

ಮಕ್ಕಳ ಮುಖ ಹತ್ತು ನಿಮಿಷ ಸುಮ್ಮನಿರುವ ವಸ್ತುವಲ್ಲ. ಪಿ.ಟಿ. ಮೇಷ್ಟ್ರಿಗೆ ಪೊರಕೆಯಂಥ ಮೀಸೆ. ಎಲ್ಲರೂ ತಮ್ಮತ್ತ ತಿರುಗುವ ಮೊದಲೇ ಹೆಡ್‌ಮಿಸ್, “ನನ್ನನ್ಯಾಕೆ ನೋಡ್ತೀರಿ?” ಎಂದರು. ನೋಟಗಳೆಲ್ಲ ಡ್ರಾಯಿಂಗ್ ಮೇಷ್ಟ್ರ ಮೂಗಿನ ಮೇಲೆ ಬಂದು ಕೂತವು. ಕೂರಲು ಜಾಗವೂ ಧಾರಾಳವಾಗಿತ್ತು. ‘ತರಗತಿಗೆ ಮೊದಲು ನನ್ನ ಮೂಗು ಬರತ್ತೆ, ಅದು ಹಾಜರಿ ತಗೊಂಡ ಮೇಲೆ ನಾನು ಬರ್ತೀನಿ’ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಮೇಷ್ಟ್ರನ್ನು ಮೇಜಿನ ಮೇಲೆ ಮಲಗಿಸಿ, ಮುಖಕ್ಕೆ ವ್ಯಾಸಲೀನ್ ಬಳಿದು, ಮೂಗಿನ ಹೊಳ್ಳೆ ಎರಡು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿದರು. ಪಿ.ಟಿ. ಮೇಷ್ಟ್ರು ಗಡಿಯಾರ ಹಿಡಿದು ನಿಂತರು.

“ಉಸಿರು ಒಳಗೆ! ಹೊರಗೆ! ಅಲುಗಾಡಬೇಡಿ ಸಾರ್, ಒಂದು ದೇಶ ಸೊಟ್ಟಗಾಗತ್ತೆ!”

ಹೀಗೆ ಎಂಟು ಸಲ. ಎಂಟನೆಯದಕ್ಕೆ ವ್ಯಾಸಲೀನ್ ಮುಗಿದಿತ್ತು. ಮುಖವಾಡ ಕಿತ್ತಾಗ ಮೇಷ್ಟ್ರ ಎಡಹುಬ್ಬೂ ಅದರ ಜೊತೆ ವಿದೇಶಕ್ಕೆ ಹೋಯಿತು.

ಮಕ್ಕಳು ಬಣ್ಣ ಹಚ್ಚಿದ್ದೇನೋ ಸೊಗಸಾಗಿತ್ತು. ಆದರೆ ಸಾಲಾಗಿ ಗೋಡೆಗೆ ತೂಗುಹಾಕಿದ ಮೇಲೆ ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಎಂಟು ದೇಶದವರೂ ಒಬ್ಬ ತಾಯಿಯ ಮಕ್ಕಳಂತಿದ್ದರು. ಅದೂ ಮೇಷ್ಟ್ರ ತಾಯಿಯ ಮಕ್ಕಳಂತೆ!

ಅಷ್ಟರಲ್ಲಿ ಮೇಡಂ ಬಂದೇಬಿಟ್ಟರು. ಒಂದು ಹುಡುಗಿ ಹೆದರದೆ ಮುಂದೆ ಬಂದಳು.

“ಇದು ಹಿಮದ ನಾಡಿನ ಬೇಟೆಗಾರಂದು ಮೇಡಂ. ಕೊಂದ ಪ್ರಾಣಿ ಹತ್ರ ಕ್ಷಮೆ ಕೇಳೋವಾಗ ಹಾಕ್ಕೋತಾನೆ. ಇದು ದ್ವೀಪದ ಅಜ್ಜಿ. ಸಮುದ್ರಕ್ಕೆ ಹೋದೋರನ್ನ ವಾಪಸ್ ಕರೆಯೋ ಮುಖ.”

“ಮತ್ತೆ ಈ ಮೂಗು?”

“ಅದು ನಮ್ ಸಾರ್‌ದು.”

ಮೇಡಂ ಮುಖವಾಡ ನೋಡಿದರು, ಮೇಷ್ಟ್ರನ್ನು ನೋಡಿದರು. ಮತ್ತೆ ಮುಖವಾಡ, ಮತ್ತೆ ಮೇಷ್ಟ್ರು. ಮೇಷ್ಟ್ರು ಇದ್ದೊಂದು ಹುಬ್ಬನ್ನೂ ಕೈಯಿಂದ ಮುಚ್ಚಿಕೊಂಡರು.

“ಅಬ್ಬಾ!” ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ಯಾವ ದೇಶಕ್ಕೆ ಹೋದ್ರೂ ಮನುಷ್ಯನ ಮುಖ ಒಂದೇ! ಪಾಠ ಅಂದ್ರೆ ಇದು!”

“ನಮ್ಮ ಉದ್ದೇಶನೂ ಅದೇ ಆಗಿತ್ತು,” ಎಂದರು ಹೆಡ್‌ಮಿಸ್, ಕಣ್ಣು ಪಿಳುಕಿಸದೆ.

“ನನ್ನ ಆಫೀಸ್ ಗೋಡೆಗೂ ಒಂದು ಬೇಕಲ್ಲ.”

ಮಾತು ಮುಗಿಯುವಷ್ಟರಲ್ಲಿ ಪಿ.ಟಿ. ಮೇಷ್ಟ್ರು ಡ್ರಾಯಿಂಗ್ ಮೇಷ್ಟ್ರನ್ನು ಮೇಜಿನ ಮೇಲೆ ಕೆಡವಿಯಾಗಿತ್ತು. ಬಾಯಿ ಮುಚ್ಚಿತು, ಕಣ್ಣು ಮುಚ್ಚಿತು. ಕತ್ತಲೊಳಗಿಂದ ಮೇಡಂ ದನಿ ಕೇಳಿಸಿತು.

“ಇವರನ್ನ ಇವತ್ತೇ ಖಾಯಂ ಮಾಡ್ತೀನಿ.”

ಪ್ಲಾಸ್ಟರಿನಡಿ ಮೇಷ್ಟ್ರು ನಕ್ಕರು. ನಗು ಆಚೆ ಬರಲಿಲ್ಲ, ಅಷ್ಟೆ.

“ನನ್ನ ಕೈಕೆಳಗೆ ಮೂವತ್ತೆರಡು ಶಾಲೆ ಇದೆ. ಒಂದೊಂದಕ್ಕೂ ಇದೇ ಎಂಟೆಂಟು ಬೇಕು. ವರ್ಷವಿಡೀ ಇದೇ ಇವರ ಕೆಲಸ. ಹೋಗೋದು, ಮಲಗೋದು.”

“ಹಾಗಾದ್ರೆ ಇಲ್ಲಿ ಪಾಠ?” ಹೆಡ್‌ಮಿಸ್ ಕೇಳಿದರು.

“ಪಾಠಕ್ಕೆ ಯಾರನ್ನಾದ್ರೂ ತಾತ್ಕಾಲಿಕವಾಗಿ ತಗೊಳ್ಳಿ. ಏನ್ ಮೇಷ್ಟ್ರೇ, ಒಪ್ಪಿಗೆ ತಾನೆ?”

ಮೇಷ್ಟ್ರು ಎರಡೂ ಕಾಲನ್ನು ಪಟಪಟನೆ ಬಡಿದರು.

“ನೋಡಿ, ಪಾಪ, ಸಂತೋಷಕ್ಕೆ ಕುಣೀತಿದಾರೆ,” ಎಂದರು ಹೆಡ್‌ಮಿಸ್.

ಪಿ.ಟಿ. ಮೇಷ್ಟ್ರು ಸೀಟಿ ಊದಿ, ಎರಡೂ ಮೊಣಕಾಲನ್ನು ಅದುಮಿ ಹಿಡಿದರು. “ಅಲುಗಾಡಬೇಡಿ ಸಾರ್! ಇನ್ನೂ ಏಳು ನಿಮಿಷ ಇದೆ!”